ನವಿ ಪೇಠದ ಮಿದುಳು ಪಂಡಿತರು

ನವಿ ಪೇಠದ ಅರಿವೆ ವ್ಯಾಪಾರಿ ಗುರುಶಾಂತಪ್ಪನವರು ಗಿರಾಕಿಯ ಮುಂದೆ ಸೀರೆ ಬಿಚ್ಚುವ ಮೊದಲು ಆಕೆಯ ಮಿದುಳನ್ನು ಬಿಚ್ಚುತ್ತಾರೆ. ಮೊಬೈಲಿನಲ್ಲಿ ಕಂಡ ವಿಡಿಯೋಗಳೇ ಅವರ ವೈದ್ಯಶಾಸ್ತ್ರ. ಬಣ್ಣ ಆರಿಸಲಾಗದೆ ತಡವರಿಸುವವಳಿಗೆ ಡೋಪಮಿನ್ ಎಂಬ ಮಿದುಳಿನ ರಸ ಕಡಿಮೆ. ದರಕ್ಕೆ ಜಗ್ಗಾಡುವವಳಿಗೆ ಅದು ವಿಪರೀತ. “ತಲಿ ಅಂದ್ರ ಏನ್ರಿ? ಒಂದು ಗೋದಾಮ. ಮಾಲ್ ಖಲಾಸ್ ಆತು, ಮನಷ್ಯಾ ಖಲಾಸ್!” ವಿಜ್ಞಾನಿಗಳೇ ಇನ್ನೂ ಪೂರ್ತಿ ಅರಿಯದ ನರಕೋಶಗಳ ವ್ಯವಹಾರವನ್ನು ಅವರು ಬಟ್ಟೆಯಂತೆ ಅಳೆದು, ಹರಿದು, ಮಡಿಚಿ ಕೊಡಬಲ್ಲರು. ಆಕಳಿಸಿದ ನೌಕರ ಸಾಯಬಣ್ಣ, “ಮಾಲಕರ, ರಾತ್ರಿ ಕೂಸು ಅತ್ತು ನಿದ್ದಿ ಆಗಿಲ್ರಿ,” ಎಂದರೆ, “ಸೆರೊಟೋನಿನ್ ಇಳದದೋ ನಿಂದು. ಮಿದುಳಿನ ಬ್ಯಾನಿ ಮುಚ್ಚಿಡಬಾರದು, ನಾಚಿಕಿ ಯಾತರದು?” ಎಂದು ಗದರುತ್ತಾರೆ. ಇಂಥ ಪಂಡಿತರು ತಿಂಗಳಿಗೊಮ್ಮೆ, ಗುರುತಿನವರಿಲ್ಲದ ಮಂಗಳವೇಢೆಗೆ ಎಸ್‌ಟಿ ಬಸ್ಸಿನಲ್ಲಿ ಹೋಗಿ, ಖಿನ್ನತೆಯಿಂದ ಹಾಸಿಗೆ ಹಿಡಿದ ಹೆಂಡತಿ ಉಜ್ವಲಾಳ ಗುಳಿಗೆ ತರುತ್ತಾರೆ. ಮಗಳ ಮದುವೆಯ ಸೋಯರಿಕೆ ಮುರಿದೀತೆಂಬ ಭಯಕ್ಕೆ ಅವನ್ನು ಹೆಸರು ಅಚ್ಚಾದ ಪಟ್ಟಿಯಿಂದ ಬಿಡಿಸಿ ಟಾನಿಕ್ ಗುಳಿಗೆಯ ಡಬ್ಬಿಗೆ ತುಂಬುತ್ತಾರೆ. ಕೇಳಿದವರಿಗೆಲ್ಲ ಒಂದೇ ಉತ್ತರ: “ಬರೇ ಅಶಕ್ತಿರಿ.” ಆದರೂ ದಿನಾ ಮುಂಜಾನೆ, ಅಂಗಡಿಯ ಬೋಣಿಗಿಂತ ಮೊದಲು, ಆಕೆ ಗುಳಿಗೆ ನುಂಗುವವರೆಗೆ ನೀರಿನ ತಂಬಿಗೆ ಹಿಡಿದು ತಾವೇ ನಿಂತಿರುತ್ತಾರೆ. “ಪೇಠದಾಗಿನ ಮಂದಿ ಬ್ಯಾನಿಗೆಲ್ಲಾ ಹೆಸರು ಹೇಳ್ತೀರಿ. ನನ್ನ ಬ್ಯಾನಿಗೆ ಏನಂತಾರ್ರಿ?” ಎಂದು ಒಂದು ದಿನ ಆಕೆ ಕೇಳಿದಳು. ಪಂಡಿತರು ಬಾಗಿಲ ಕಡೆ ನೋಡಿದರು; ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೂ ದನಿ ತಗ್ಗಿಸಿ, “ಅಶಕ್ತಿ” ಎಂದರು.