ಬಿಲ್ಡ್ ಮೆಷಿನ್ನಿನ ಸೆಲ್ವಿ ಮೇಡಂ

ಸೆಲ್ವಿ ಮೇಡಂ ಕಂಪ್ಯೂಟರಿನಲ್ಲಿ ಏನನ್ನಾದರೂ ಅಳಿಸುವ ಮುಂಚೆ ತೋರುಬೆರಳನ್ನು ಎಂಟರ್ ಕೀಲಿಯ ಮೇಲೆ ಗಾಳಿಯಲ್ಲೇ ನಿಲ್ಲಿಸಿ, ಟೈಪ್ ಮಾಡಿದ ಸಾಲನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಓದಿ ಮುಗಿದ ಮೇಲೆ ಕತ್ತು ಹೊರಳಿಸಿ, ಇಡೀ ಆಫೀಸಿಗೆ ಕೇಳುವಂತೆ, "ಅಳಿಸ್ತಾ ಇದೀನಿ. ಯಾರದ್ದಾದ್ರೂ ಒಳಗೆ ಇದ್ಯಾ? ಈಗ್ಲೇ ಹೇಳ್ಬಿಡಿ" ಎನ್ನುತ್ತಿದ್ದರು. ಯಾರೂ ಮಾತಾಡದಿದ್ದರೆ ಅವರಿಗೆ ಇನ್ನಷ್ಟು ಗಾಬರಿ. "ಯಾಕೆ ಸುಮ್ನಿದೀರ? ಇಲ್ಲ ಅಂತಾದ್ರೂ ಹೇಳ್ರಪ್ಪಾ." ಆಗ ನಾವು ಒಬ್ಬೊಬ್ಬರಾಗಿ, ಶಾಲೆಯಲ್ಲಿ ಹಾಜರಿ ಕೂಗಿದಾಗ ಹೇಳುವ ಹಾಗೆ, "ಇಲ್ಲ ಮೇಡಂ" ಎನ್ನಬೇಕಿತ್ತು. ಆಮೇಲಷ್ಟೇ ಬೆರಳು ಕೆಳಗಿಳಿಯುತ್ತಿತ್ತು.

ನಮ್ಮದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ, ಒಂದು ಬೇಕರಿಯ ಮೇಲಿರುವ ಸಣ್ಣ ಸಾಫ್ಟ್‌ವೇರ್ ಆಫೀಸು. ರಕ್ತ ಪರೀಕ್ಷೆಯ ಲ್ಯಾಬುಗಳಿಗೆ ರಿಪೋರ್ಟ್ ತಯಾರಿಸುವ ಪ್ರೋಗ್ರಾಂ ಮಾಡುತ್ತೇವೆ. ನಾವೆಲ್ಲ ಬರೆದ ತುಂಡುಗಳನ್ನು ಸರ್ವರಿನಿಂದ ಒಂದು ಕಡೆ ಇಳಿಸಿ, ಜೋಡಿಸಿ, ಲ್ಯಾಬಿಗೆ ಕಳಿಸುವ ಹೊಸ ಆವೃತ್ತಿ ಮಾಡುವುದಕ್ಕೆ ಬಿಲ್ಡ್ ಎನ್ನುತ್ತೇವೆ. ಅದಕ್ಕೆಂದೇ ಮೂಲೆಯಲ್ಲಿ ಬೇರೆಯೇ ಒಂದು ಮೆಷಿನ್ ಇತ್ತು, ಅದರ ಮುಂದೆ ಸೆಲ್ವಿ ಮೇಡಂ ಇದ್ದರು. ಸರ್ವರಿನ ಯಾವ ಭಾಗ ಈ ಮೆಷಿನ್ನಿನ ಯಾವ ಫೋಲ್ಡರಿಗೆ ಇಳಿಯಬೇಕು ಎಂದು ಗೊತ್ತುಮಾಡಿಡುವ ಏರ್ಪಾಡಿಗೆ ವರ್ಕ್‌ಸ್ಪೇಸ್ ಎಂದು ಹೆಸರು. ಮೇಡಂ ಪ್ರತಿ ಬಿಲ್ಡಿಗೂ ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಿ ಹೊಸ ವರ್ಕ್‌ಸ್ಪೇಸ್ ಹುಟ್ಟಿಸುತ್ತಿದ್ದರು, ಬಿಲ್ಡ್ ಮುಗಿದ ಮೇಲೆ ಅದನ್ನು ಅಳಿಸಿ ಫೋಲ್ಡರ್ ಖಾಲಿ ಮಾಡುತ್ತಿದ್ದರು. ಹಳೆಯದನ್ನು ಅಳಿಸದಿದ್ದರೆ ಮುಂದಿನ ಬಿಲ್ಡಿನಲ್ಲಿ ಹಳೆಯ ಫೈಲು ಸೇರಿಕೊಳ್ಳಬಹುದು. ಅಳಿಸುವಾಗ ಯಾರೋ ತಿದ್ದಿ, ಸರ್ವರಿಗೆ ಇನ್ನೂ ಒಪ್ಪಿಸದೆ ಬಿಟ್ಟ ಕೆಲಸ ಒಳಗಿದ್ದರೆ ಅದೂ ಹೋಗುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡು ಆ ಹೆಂಗಸು ದಿನವಿಡೀ ಬೆವರುತ್ತಿದ್ದರು.

ಗಾಬರಿ ಅವರ ಹುಟ್ಟುಗುಣ. ಭದ್ರಾವತಿಯ ನ್ಯೂ ಟೌನಿನಿಂದ ಬಸ್ಸಿನಲ್ಲಿ ಬರುವಾಗ ಡ್ರೈವರನ ಹಿಂದಿನ ಸೀಟೇ ಬೇಕು, ರಸ್ತೆಯ ಮೇಲೆ ಒಂದು ಕಣ್ಣಿಡುವುದಕ್ಕೆ. ಡ್ರೈವರಿಗಿಂತ ಮುಂಚೆ ಇವರು ಕಾಲೊತ್ತಿ ಬ್ರೇಕ್ ಹಾಕುತ್ತಿದ್ದರಂತೆ. ಆಫೀಸು ಸೇರಿದ ಕೂಡಲೇ ಗಂಡ ಕುಮಾರ್ ಅವರಿಗೆ ಫೋನು: "ಸಿಲಿಂಡರ್ ಆಫ್ ಮಾಡಿದೀರಾ? ಹೋಗಿ ನೋಡಿ ಹೇಳಿ, ಲೈನಲ್ಲೇ ಇರ್ತೀನಿ." ಬಿಡಿಭಾಗದ ಅಂಗಡಿ ನಡೆಸುವ ಕುಮಾರ್ ಪಾಪ, ಷಟರ್ ಅರ್ಧ ಎತ್ತಿ ನಿಂತೇ ಉತ್ತರ ಕೊಡುತ್ತಿದ್ದರು. ನಾವು ಮುಸಿಮುಸಿ ನಗುತ್ತಿದ್ದೆವು. ಮೇಡಂ ನಮ್ಮ ನಗುವನ್ನೂ ಅನುಮಾನದಿಂದ ನೋಡುತ್ತಿದ್ದರು.

ಅವರ ತಂದೆ ಊರಾಚೆಯ ಒಂದು ಸಣ್ಣ ಫೌಂಡ್ರಿಯಲ್ಲಿದ್ದವರು. ಮೆಷಿನ್ ರಿಪೇರಿಗೆ ಒಳಗೆ ಕೈ ಹಾಕುವವನು ಸ್ವಿಚ್ಚಿಗೆ ತನ್ನ ಹೆಸರಿನ ತಗಡಿನ ಬಿಲ್ಲೆ ನೇತುಹಾಕಬೇಕು, ಅವನೇ ಬಂದು ತೆಗೆಯುವವರೆಗೆ ಬೇರೆ ಯಾರೂ ಆ ಸ್ವಿಚ್ಚು ಮುಟ್ಟುವ ಹಾಗಿಲ್ಲ, ಇದು ಅಲ್ಲಿನ ಕಟ್ಟಳೆ. ಬಿಲ್ಲೆ ಮರೆತು ಯಾರಾದರೂ ಮನೆಗೆ ಹೋದರೆ, ಸೈಕಲ್ಲಿನಲ್ಲಿ ಒಬ್ಬರನ್ನು ಅಟ್ಟಿ ಕರೆಸುತ್ತಿದ್ದರೇ ಹೊರತು ಬಿಲ್ಲೆ ಕೀಳುತ್ತಿರಲಿಲ್ಲವಂತೆ. "ನಮ್ಮಪ್ಪ ಹತ್ತು ಬೆರಳೂ ಇಟ್ಕೊಂಡೇ ಮನೆಗೆ ಬಂದ್ರು ನೋಡು, ಅದಕ್ಕೆ ಆ ತಗಡೇ ಕಾರಣ" ಎನ್ನುತ್ತಿದ್ದರು ಮೇಡಂ. ಅದೇ ಕಟ್ಟಳೆಯನ್ನು ನಮ್ಮ ವರ್ಕ್‌ಸ್ಪೇಸುಗಳಿಗೂ ತಂದಿದ್ದರು. ಯಾರ ಹೆಸರಿನಲ್ಲಿದೆಯೋ ಅವರೇ ಬಾಯಿಬಿಟ್ಟು ಹೇಳಬೇಕು. ಮೇಡಂ ಹತ್ತಿರ ಎಲ್ಲವನ್ನೂ ಅಳಿಸುವ ಅಧಿಕಾರ ಇತ್ತು, ಆದರೆ ಕೇಳದೆ ಅದನ್ನು ಬಳಸಿದ್ದನ್ನು ನಾನು ನೋಡಿಲ್ಲ.

ಒಂದು ಬೆಳಗ್ಗೆ ಬಿಲ್ಡ್ ನಿಂತುಹೋಯಿತು. ಬಿಲ್ಡಿಗೆ ಬೇಕಾದ ಫೋಲ್ಡರ್ ಆಗಲೇ ಇನ್ನೊಬ್ಬರ ವರ್ಕ್‌ಸ್ಪೇಸಿಗೆ ಸೇರಿದೆ ಎಂದು ಪರದೆ ಹೇಳುತ್ತಿತ್ತು. ಹೆಸರು ನಮ್ಮ ಮಂಜುನಾಥನದು. ಒಪ್ಪಿಸದ ಒಂದು ತಿದ್ದುಪಡಿ ಬೇರೆ ಒಳಗಿತ್ತು. ಮಂಜುನಾಥ ಅಕ್ಕನ ಮನೆಯ ಗೃಹಪ್ರವೇಶಕ್ಕೆಂದು ಆಯನೂರಿಗೆ ಹೋಗಿದ್ದ, ಫೋನ್ ಎತ್ತುತ್ತಿರಲಿಲ್ಲ. ಸಂಜೆಯೊಳಗೆ ಒಂದು ಲ್ಯಾಬಿಗೆ ಹೊಸ ಆವೃತ್ತಿ ಹೋಗಲೇಬೇಕಿತ್ತು. "ಅಳಿಸಿ ಹಾಕಿ ಮೇಡಂ, ಆಮೇಲೆ ನೋಡ್ಕೊಳೋಣ" ಎಂದೆವು. ಮೇಡಂ ಕೈಚೀಲ ಹೆಗಲಿಗೇರಿಸಿ ನನ್ನ ಮುಂದೆ ನಿಂತರು. "ಸುಮಾ, ಗಾಡಿ ತೆಗಿ."

ಸಾಗರ ರಸ್ತೆಯುದ್ದಕ್ಕೂ ಹಿಂದೆ ಕೂತು "ನಿಧಾನ, ನಿಧಾನ ಕಣ್ಣಾ" ಎಂದು ನನ್ನ ಭುಜ ಹಿಂಡಿದರು. ಗಾಬರಿಯಾದಾಗ ಅವರ ಬಾಯಲ್ಲಿ ಮನೆಮಾತು ತಮಿಳು ನುಸುಳುತ್ತಿತ್ತು. ಶಾಮಿಯಾನದ ಕೆಳಗೆ ಪಂಚೆ ಉಟ್ಟು ಅನ್ನ ಬಡಿಸುತ್ತಿದ್ದ ಮಂಜುನಾಥ ನಮ್ಮಿಬ್ಬರನ್ನು ಕಂಡು ಬೆಚ್ಚಿಬಿದ್ದ.

"ಏನ್ ಮೇಡಂ, ಯಾರಿಗೇನಾಯ್ತು?"

"ನಿನ್ನ ವರ್ಕ್‌ಸ್ಪೇಸ್ ಒಳಗೆ ಏನೋ ಇದೆ. ಅಳಿಸ್ಲಾ?"

"ಅಯ್ಯೋ, ಅದಾ? ಸುಮ್ನೆ ಒಂದು ಟ್ರಯಲ್ ನೋಡಿದ್ದು. ತೆಗೆದು ಬಿಸಾಕಿ. ಅದಕ್ಕೋಸ್ಕರ ಇಲ್ಲೀತನಕ ಬಂದ್ರಾ? ಕೂತ್ಕೊಳ್ಳಿ, ಹೋಳಿಗೆ ಬಿಸಿ ಇದೆ."

ಬೇರೆ ಯಾರಾದರೂ ನಾಚಿಕೊಳ್ಳುತ್ತಿದ್ದರು. ಮೇಡಂ "ಅಪ್ಪಾಡಾ" ಎಂದು ಎದೆ ಮುಟ್ಟಿಕೊಂಡು, ಪಂಕ್ತಿಯಲ್ಲಿ ಕೂತು, ಹೋಳಿಗೆಗೆ ತುಪ್ಪ ಕೇಳಿ ಹಾಕಿಸಿಕೊಂಡು ಉಂಡರು. ನನಗೆ ಸಿಟ್ಟು ಬಂದಿತ್ತು. ಇಂಥ ಸಣ್ಣ ವಿಷಯಕ್ಕೆ ಅರ್ಧ ದಿನ ಹಾಳು ಎಂದು ವಾಪಸು ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಗೊಣಗಿಕೊಂಡೆ.

ಆಫೀಸಿಗೆ ಬಂದು ಮೆಟ್ಟಿಲು ಹತ್ತುವಾಗ, ಮೊದಲ ಮಹಡಿಯ ತಿರುವಿನಲ್ಲಿ, ಅವರು ಗೋಡೆ ಹಿಡಿದು ನಿಂತುಬಿಟ್ಟರು. ತುಟಿ ನೀಲಿಗಟ್ಟಿತ್ತು. ನಾನು ಹೆದರಿ ಕೈ ಹಿಡಿದೆ. ಉಸಿರು ತಹಬದಿಗೆ ಬಂದ ಮೇಲೆ, ಯಾರದೋ ವಿಷಯ ಹೇಳುವವರಂತೆ ಹೇಳಿದರು: ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಆಪರೇಷನ್ ಆಗಬೇಕು, ತಡ ಮಾಡಬಾರದು ಎಂದು ಡಾಕ್ಟರು ಹೇಳಿ ಆಗಿದೆ.

"ಮತ್ತೆ ಯಾಕೆ ಹೋಗಿಲ್ಲ ಮೇಡಂ?"

"ಹೋದ್ರೆ ತಿಂಗಳುಗಟ್ಲೆ ಮನೇಲಿರ್ಬೇಕಂತೆ. ಬಿಲ್ಡ್ ಯಾರು ನೋಡ್ತಾರೆ ಮಾರಾಯ್ತಿ? ನೀವೆಲ್ಲ ಕೇಳದೇ ಅಳಿಸೋ ಜನ."

ಮರುದಿನವೇ ನಾನು ಸ್ಕ್ರಿಪ್ಟ್ ಬರೆಯಲು ಕೂತೆ. ಮೇಡಂ ಕೈಯಿಂದ ಮಾಡುವುದನ್ನೆಲ್ಲ ಒಂದರ ಹಿಂದೊಂದು ಆಜ್ಞೆಯಾಗಿ ಬರೆದಿಟ್ಟರೆ ಮೆಷಿನ್ ತಾನಾಗಿಯೇ ಮಾಡಿಕೊಳ್ಳುತ್ತದೆ. ವರ್ಕ್‌ಸ್ಪೇಸ್ ಹುಟ್ಟಿಸು, ಫೋಲ್ಡರಿಗೆ ಜೋಡಿಸು, ಸರ್ವರಿನಿಂದ ಇಳಿಸಿಕೋ, ಬಿಲ್ಡ್ ಮಾಡು, ಅಳಿಸು. ಮಾಲೀಕರು ಇದನ್ನು ಬಹಳ ಹಿಂದೆಯೇ ಕೇಳಿದ್ದರು, ಮೇಡಂ ಏನೇನೋ ಹೇಳಿ ಮುಂದೂಡುತ್ತಿದ್ದರು. ಈಗ ಮುಂದೂಡುವುದಕ್ಕೆ ಹೊತ್ತಿರಲಿಲ್ಲ. ಸ್ಕ್ರಿಪ್ಟ್ ಮೇಲೆ ಮೇಡಂಗೆ ನಂಬಿಕೆ ಬಂದರೆ ಆಸ್ಪತ್ರೆಗೆ ಹೋಗುತ್ತಾರೆ, ಬರದಿದ್ದರೆ ಹೋಗುವುದಿಲ್ಲ. ಇಷ್ಟೇ ಲೆಕ್ಕ ನನ್ನ ತಲೆಯಲ್ಲಿ.

ಮೊದಲ ಸಲ ಓಡಿಸಿದಾಗ ಸ್ಕ್ರಿಪ್ಟ್ ಚೆನ್ನಾಗಿಯೇ ಹೊರಟಿತು. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ನಿಂತಲ್ಲೇ ನಿಂತಿದೆ. ತಪ್ಪು ಎಂದೂ ಇಲ್ಲ, ಮುಗಿಯಿತು ಎಂದೂ ಇಲ್ಲ. ಹುಡುಕಿದರೆ ಕಾರಣ ಸಿಕ್ಕಿತು. ಅಳಿಸುವ ಮುಂಚೆ ಕಂಪ್ಯೂಟರ್ "ನಿಜವಾಗಿಯೂ ಅಳಿಸಲೇ?" ಎಂದು ಒಂದು ಕಿಟಕಿ ತೆರೆದಿತ್ತು. ತಾನಾಗಿ ಓಡುವ ಸ್ಕ್ರಿಪ್ಟಿನ ಪರದೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೇಳಿದ್ದು ಕೇಳಿದ ಹಾಗೇ, ಉತ್ತರ ಕೊಡಲು ಜನವಿಲ್ಲ.

ಮೇಡಂ ಮುಖ ಬಿಳಿಚಿಕೊಂಡಿತು. "ನೋಡ್ದೆಯಾ? ಒಳಗೆ ಒಬ್ರು ಕೇಳ್ತಾ ನಿಂತಿದಾರೆ. ನೀನು ಊಟಕ್ಕೆ ಹೋದೆ."

ಇದಕ್ಕೆ ಔಷಧಿ ನನಗೆ ಗೊತ್ತಿತ್ತು. ಆಜ್ಞೆಯ ಕೊನೆಗೆ ನೋಪ್ರಾಂಪ್ಟ್ ಎಂದು ಸೇರಿಸಿದರೆ ಕಂಪ್ಯೂಟರ್ ಯಾರನ್ನೂ ಏನನ್ನೂ ಕೇಳದೆ ಹೇಳಿದ್ದನ್ನು ಮಾಡಿ ಮುಗಿಸುತ್ತದೆ. ಆ ಪದವನ್ನು ನಾನು ಟೈಪ್ ಮಾಡಿದ್ದು ಕಂಡು ಮೇಡಂ ನನ್ನ ಕೈ ಹಿಡಿದರು. "ಬೇಡ. ಇದೊಂದು ಬೇಡ. ಬೇರೆ ಏನ್ ಬೇಕಾದ್ರೂ ಹಾಕು."

"ಬೇರೆ ದಾರಿ ಇಲ್ಲ ಮೇಡಂ."

"ಹಂಗಾದ್ರೆ ನಾನೇ ಕೂತ್ಕೊಂಡು ಒತ್ತೀನಿ."

ಎಷ್ಟು ದಿನ ಒತ್ತುತ್ತೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆ ವಾರವೇ ಕುಮಾರ್ ಆಫೀಸಿಗೆ ಬಂದರು. ಮೇಡಂ ಕೆಳಗೆ ಬೇಕರಿಗೆ ಹೋಗಿದ್ದರು. ಕುಮಾರ್ ಬಾಗಿಲ ಹತ್ತಿರವೇ ನಿಂತು, "ಆಫೀಸಿನೋರು ಬಿಡಲ್ಲ ಅಂತಾಳೆ. ನೀವು ಬಿಡ್ತೀರೋ ಇಲ್ವೋ ಒಂದು ಮಾತು ಹೇಳ್ಬಿಡಿ. ನಾನು ಕೈ ಮುಗೀತೀನಿ" ಎಂದರು. ಮಾಲೀಕರು ಈಗಲೇ ರಜೆ ಕೊಟ್ಟೆ, ನಾಳೆಯೇ ಹೋಗಲಿ ಎಂದರು. ಮೇಡಂ ಮೇಲೆ ಬಂದವರು ಇಬ್ಬರ ಮೇಲೂ ರೇಗಿದರು.

ಕೊನೆಗೆ ಮೇಡಂ ಮತ್ತು ನಾನು ಒಂದು ಒಪ್ಪಂದಕ್ಕೆ ಬಂದೆವು. ಸ್ಕ್ರಿಪ್ಟ್ ತಾನು ಹುಟ್ಟಿಸಿದ ವರ್ಕ್‌ಸ್ಪೇಸನ್ನು ಮಾತ್ರ ಅಳಿಸಬೇಕು. ಅಳಿಸುವ ಮುಂಚೆ ಒಳಗೆ ಯಾರದಾದರೂ ಒಪ್ಪಿಸದ ಕೆಲಸ ಇದೆಯೇ ಎಂದು ಸರ್ವರನ್ನು ಕೇಳಿ ನೋಡಬೇಕು. ಒಂದು ಸಾಲು ಇದ್ದರೂ ಅಲ್ಲಿಗೇ ನಿಲ್ಲಿಸಿ ನಮಗೆಲ್ಲ ಸಂದೇಶ ಕಳಿಸಬೇಕು. ಏನೂ ಇಲ್ಲದಿದ್ದರೆ ಮಾತ್ರ ನೋಪ್ರಾಂಪ್ಟ್. ಒಪ್ಪಿದ ಮೇಲೂ ಮೇಡಂ ಸುಮ್ಮನಾಗಲಿಲ್ಲ. ಬಿಲ್ಡ್ ನಡುವೆ ಹೋಗಿ ನೆಟ್‌ವರ್ಕ್ ಕೇಬಲ್ ಕಿತ್ತರು. ಬೇಕೆಂದೇ ಹಾಳು ಫೈಲು ತುರುಕಿ ಸ್ಕ್ರಿಪ್ಟ್ ಏನು ಮಾಡುತ್ತದೆಂದು ಕಾದು ಕೂತರು. ಅದು ಸರಿಯಾಗಿ ನಿಂತರೆ, "ಇವತ್ತು ನಿಂತಿತು, ನಾಳೆ?" ಸಂದೇಶ ಬಂದರೆ, "ಫೋನ್ ಚಾರ್ಜ್ ಇಲ್ದಿದ್ರೆ?" ಒಂದೊಂದು ಪ್ರಶ್ನೆಗೂ ನಾನು ಒಂದೊಂದು ಸಾಲು ಸೇರಿಸುತ್ತಾ ಹೋದೆ. ಹೊರಗೆ ನಗುತ್ತಿದ್ದೆ, ಒಳಗೆ ಅವರ ಉಸಿರು ಕೇಳಿಸಿಕೊಳ್ಳುತ್ತಿದ್ದೆ. ಮೆಟ್ಟಿಲಿನಲ್ಲಿ ಅವರು ನಿಲ್ಲುವುದು ಜಾಸ್ತಿಯಾಗುತ್ತಿತ್ತು, ಪಾದ ಊದಿ ಚಪ್ಪಲಿ ಬಿಗಿಯಾಗುತ್ತಿತ್ತು. ಹಾಗಿದ್ದರೂ ಇನ್ನೊಂದು ಪರೀಕ್ಷೆ, ಇನ್ನೊಂದೇ ಒಂದು.

ಅವರು ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಕೊನೆಯ ಸಲ ಓಡಿಸಿದೆವು. ಮೇಡಂ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಪರದೆ ನೋಡುತ್ತಾ ಕೂತರು. ಸಾಲುಗಳು ಒಂದರ ಮೇಲೊಂದು ಏರಿದವು. ಒಪ್ಪಿಸದ ಕೆಲಸ ಏನೂ ಇಲ್ಲ ಎಂದು ಬಂತು, ಅಳಿಸಿದೆ ಎಂದು ಬಂತು. ಅಷ್ಟು ವರ್ಷ ಇಡೀ ಆಫೀಸನ್ನು ನಿಲ್ಲಿಸುತ್ತಿದ್ದ ಕೆಲಸ ಯಾರ ಗಮನಕ್ಕೂ ಬಾರದೆ ಮುಗಿದುಹೋಯಿತು. ಮಂಜುನಾಥ ಚಹಾ ಕುಡಿಯುತ್ತಿದ್ದ. "ಸರಿ" ಎಂದರು ಮೇಡಂ. ಕೈಚೀಲ ತೆಗೆದುಕೊಂಡು ಮತ್ತೆ ಕೂತರು. "ಸುಮಾ, ನಂಗೆ ಭಯ ಆಗ್ತಿದೆ." ಬಿಲ್ಡ್ ವಿಷಯವಲ್ಲ ಎಂದು ನನಗೆ ಗೊತ್ತಾಯಿತು. ನಾನು ಅವರ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೂ ಹೋದೆ.

ಆಪರೇಷನ್ ಆಯಿತು. ಕವಾಟ ಬದಲಾಯಿತು, ಆದರೆ ಹೃದಯ ಆಗಲೇ ಸೋತುಹೋಗಿತ್ತು. ಇನ್ನಷ್ಟು ಬೇಗ ಕರೆತರಬೇಕಿತ್ತು ಎಂದು ಡಾಕ್ಟರು ಕುಮಾರ್ ಅವರಿಗೆ ಹೇಳಿದರಂತೆ. ಕುಮಾರ್ ಅದನ್ನು ಫೋನಿನಲ್ಲಿ ನನಗೆ ಹೇಳಿದರು, ಮೇಡಂಗೆ ಹೇಳಿರಲಿಲ್ಲ.

ಮೇಡಂ ಅವರನ್ನು ನಾನು ಕೊನೆಯ ಸಲ ನೋಡಿದ್ದು ನ್ಯೂ ಟೌನಿನ ಮನೆಯಲ್ಲಿ. ನಾನು ಸಂತೋಷದ ಸುದ್ದಿ ಹೊತ್ತುಕೊಂಡು ಹೋಗಿದ್ದೆ. ಹಿಂದಿನ ದಿನ ಬಿಲ್ಡ್ ನಡುವೆ ಕರೆಂಟು ಹೋಗಿ, ಯುಪಿಎಸ್ ಕೂಡ ಕೈಕೊಟ್ಟಿತ್ತು. ಬೆಳಗ್ಗೆ ಸ್ಕ್ರಿಪ್ಟ್ ತಾನು ಅರ್ಧಕ್ಕೆ ಬಿಟ್ಟಿದ್ದ ವರ್ಕ್‌ಸ್ಪೇಸನ್ನು ತಾನೇ ಗುರುತಿಸಿ, ಒಳಗೆ ಯಾರದೂ ಇಲ್ಲವೆಂದು ನೋಡಿ, ಅಳಿಸಿ ಮತ್ತೆ ಮೊದಲಿಂದ ಶುರುಮಾಡಿತ್ತು. ಅವರು ದಿನಗಟ್ಟಲೆ ಹೆದರಿದ್ದ ಸಂಗತಿ ನಡೆದು, ಏನೂ ಆಗಿರಲಿಲ್ಲ. ಮಂಚದ ಪಕ್ಕ ಕೂತು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಒಂದೊಂದು ಮಾತಿಗೂ ಅಡ್ಡ ಪ್ರಶ್ನೆ ಬರುತ್ತದೆಂದು ಉತ್ತರಗಳನ್ನೂ ಜೋಡಿಸಿಟ್ಟುಕೊಂಡಿದ್ದೆ.

ಮೇಡಂ ದಿಂಬಿಗೆ ಒರಗಿ ನನ್ನ ಮುಖ ನೋಡಿದರು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. "ಹೌದಾ? ಒಳ್ಳೇದಾಯ್ತು ಬಿಡು ಕಣ್ಣಾ" ಎಂದರು. ಆಮೇಲೆ ಕಿಟಕಿಯ ಕಡೆ ನೋಡಿದರು. ಅಡುಗೆಮನೆಯಿಂದ ಹಾಲು ಉಕ್ಕಿದ ವಾಸನೆ ಬರುತ್ತಿತ್ತು. ಅವರು ಏಳಲಿಲ್ಲ, ಕೂಗಲೂ ಇಲ್ಲ. ನಾನೇ ಓಡಿಹೋಗಿ ಒಲೆ ಆರಿಸಿ ಬಂದೆ.

ಕುಮಾರ್ ಗೇಟಿನವರೆಗೆ ಬಂದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡೆ. "ನೋಡಿದ್ರಾ? ಈಗ ಒಂದು ಚೂರೂ ಗಾಬರಿ ಇಲ್ಲ ಅವಳಿಗೆ. ಮದುವೆಯಾದಾಗಿಂದ ಇಷ್ಟು ಆರಾಮಾಗಿದ್ದಿದ್ದು ನಾನು ನೋಡೇ ಇಲ್ಲ. ಗುಣ ಆಗ್ತಿದಾಳೆ ಅನ್ಸುತ್ತೆ, ಅಲ್ವಾ?"

ಹೌದು ಎಂದೆ. ಬಸ್ಸು ಹತ್ತಿ, ಡ್ರೈವರನ ಹಿಂದಿನ ಸೀಟು ಖಾಲಿಯಿದ್ದರೂ ಬಿಟ್ಟು, ಕೊನೆಯ ಸಾಲಿಗೆ ಹೋಗಿ ಕೂತು, ಯಾರಿಗೂ ಕಾಣದ ಹಾಗೆ ಅತ್ತೆ.