ಯೂರೋಪಾಕ್ಕೆ ಹೊರಟಿದ್ದ ನಾಲ್ಕು ತುಂಡು

ಕಳೆದ ಸಂಕ್ರಾಂತಿಯ ಹಿಂದಿನ ದಿನ ಜಾಲಹಳ್ಳಿ ಕಡೆಯ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸಿನ ಮಡಿಲಲ್ಲಿ ಎರಡು ಅರಿಶಿನದ ಗಿಡಗಳಿದ್ದವು. ಬೇರು ಸಮೇತ ಕಿತ್ತು ತಂದವು. ಗೆಡ್ಡೆಗೆ ಅಂಟಿದ್ದ ಮಣ್ಣು ಇನ್ನೂ ಒದ್ದೆಯಾಗಿತ್ತು. ಬಸ್ಸು ಬ್ರೇಕ್ ಹಾಕಿದಾಗ ಒಂದು ಎಲೆ ಮುರಿದು ಹಸಿ ಅರಿಶಿನದ ವಾಸನೆ ಎದ್ದಿತು... ಎಲ್ಲರಿಗೂ ಅದು ಹಬ್ಬದ ವಾಸನೆ. ನನಗೆ ಮಾತ್ರ ಹಳೆಯ ಕಾರ್ಖಾನೆಯ ಕ್ಯೂಸಿ ಮೇಡಂ ಕಣ್ಣ ಮುಂದೆ ಬಂದು ನಿಂತರು.

ಆರೇಳು ವರ್ಷದ ಹಿಂದಿನ ಮಾತು. ಪೀಣ್ಯದ ಎರಡನೇ ಹಂತದಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತ್ತು. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಬಿ.ಎಸ್ಸಿ., ಮೈಕ್ರೋಬಯಾಲಜಿ. ಅಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಅಂಗಿಯ ಕಾಲರು ಹೊಲಿದು ನನ್ನನ್ನು ಓದಿಸಿದ್ದಳು. ಈ ಮಾತನ್ನು ನಾನು ಎಲ್ಲಿ ಬೇಕಾದರೂ ತಲೆಯೆತ್ತಿ ಹೇಳುತ್ತೇನೆ.

ಮೇಡಂ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಕೂದಲೆಳೆಯಷ್ಟು ಗೀರನ್ನೂ ಬೆರಳಿನಲ್ಲೇ ಹಿಡಿಯುತ್ತಿದ್ದರು. ನಮ್ಮ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕ್ಯೂಸಿ ಕೆಲಸಕ್ಕೆ ಅವರು ಗುತ್ತಿಗೆಯ ಮೇಲಿದ್ದರು, ವರ್ಷಕ್ಕೊಮ್ಮೆ ಮುಂದುವರಿಸಬೇಕು. ಅವರ ಸಹಿ ಇಲ್ಲದೆ ಒಂದು ತುಂಡೂ ಗೇಟು ದಾಟುತ್ತಿರಲಿಲ್ಲ.

ಆ ವರ್ಷ ನಮಗೆ ಒಂದು ವಿಚಿತ್ರ ಕೆಲಸ ಬಂದಿತ್ತು. ಹೆಬ್ಬೆರಳಿನಷ್ಟು ದೊಡ್ಡ ನಾಲ್ಕು ಟೈಟಾನಿಯಂ ತುಂಡುಗಳು, ಪ್ರತಿಯೊಂದರಲ್ಲೂ ಒಂದು ಬೋಲ್ಟಿನ ತೂತು. ಗುರು ಗ್ರಹದ ಹತ್ತಿರಕ್ಕೆ ಹೋಗುವ ನೌಕೆಯ ಒಂದು ಉಪಕರಣದಲ್ಲಿ ತಂತಿಗಳನ್ನು ಹಿಡಿದಿಡಲು. ಆ ಗ್ರಹಕ್ಕೆ ಯೂರೋಪಾ ಎಂಬ ದೊಡ್ಡ ಚಂದ್ರ ಇದೆ. ಮೈಯೆಲ್ಲ ಮಂಜುಗಡ್ಡೆ. ಆ ಗಡ್ಡೆಯ ಕೆಳಗೆ ಕತ್ತಲೆಯ ಸಮುದ್ರ, ನಮ್ಮ ಭೂಮಿಯ ಎಲ್ಲ ಸಮುದ್ರ ಸೇರಿಸಿದರೂ ಅದಕ್ಕಿಂತ ಹೆಚ್ಚು ನೀರು ಇರಬಹುದು ಎನ್ನುತ್ತಾರೆ. ನೀರಿದ್ದ ಮೇಲೆ ಜೀವವೂ ಇರಲು ಸಾಧ್ಯವೇ ಎಂದು ನೋಡಲು ಹೊರಡಲಿದ್ದ ನೌಕೆ ಅದು. ಹತ್ತಿರ ಹತ್ತಿರ ಹಾದುಹೋಗುವುದಷ್ಟೇ, ಇಳಿಯುವುದಿಲ್ಲ. ಆದರೂ ಎಲ್ಲೋ ತಪ್ಪಿ ಅದರ ಮೇಲೆ ಬಿದ್ದುಬಿಟ್ಟರೆ, ಇಲ್ಲಿಯ ಒಂದು ಕ್ರಿಮಿ ಆ ನೀರಿಗೆ ಸೇರಬಾರದು. ಅದಕ್ಕೇ ತುಂಡುಗಳು ಕ್ರಿಮಿಯಿಲ್ಲದೆ ಹೋಗಬೇಕು ಎಂದು ಗ್ರಾಹಕರ ಕಟ್ಟಪ್ಪಣೆ. ಅದನ್ನು ಪರೀಕ್ಷಿಸುವುದಕ್ಕೇ ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು.

ಕಾರ್ಖಾನೆಯ ಮೂಲೆಯಲ್ಲಿ ಒಂದು ಶುಚಿ ಕೋಣೆ ಕಟ್ಟಿದರು. ಸೋಸಿದ ಗಾಳಿ, ತಲೆಗೆ ಟೋಪಿ, ಕೈಗೆ ಗ್ಲೌಸು. ತುಂಡುಗಳನ್ನು ಕಾಯಿಸಿ ಶುಚಿ ಮಾಡಿ ತಟ್ಟೆಯಲ್ಲಿಟ್ಟ ವಾರವೇ ಆಯುಧ ಪೂಜೆ ಬಂತು. ಪೀಣ್ಯದಲ್ಲಿ ಅವತ್ತು ಕುಂಕುಮ ಕಾಣದ ಯಂತ್ರ ಇರುವುದಿಲ್ಲ. ತಕ್ಕಡಿಗೂ ಹಾರ, ಸ್ಪ್ಯಾನರಿಗೂ ಬೊಟ್ಟು. ಮೇಡಂ ಮಾತ್ರ ಶುಚಿ ಕೋಣೆಯ ಬಾಗಿಲಿಗೆ ಅಡ್ಡ ನಿಂತರು.

"ಈ ರೂಮಿಗೆ ಪೂಜೆ ಇಲ್ಲ. ಹೊಸ್ತಿಲಿಂದ ಆಚೆ ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಲೇತ್ ಯಂತ್ರ ನಡೆಸುವವನು ಸುಮ್ಮನಿರಲಿಲ್ಲ. "ಏನ್ ಮೇಡಂ, ನನ್ ಲೇತು ಹುಟ್ಟಿದಾಗಿಂದ ಇಲ್ಲೇ ಬಿದ್ದಿದೆ, ಅದಕ್ಕೆ ಅಷ್ಟುದ್ದ ಹಾರ. ಗುರುವಿನತ್ರ ಹೋಗೋದಕ್ಕೆ ಒಂದ್ ಬೊಟ್ಟೂ ಇಲ್ವಾ?"

"ಆ ಬೊಟ್ಟು ನಿನ್ ಹಣೆಗೇ ಇಟ್ಕೊ. ನೀನೂ ಎಲ್ಲಿಗೂ ಹೋಗಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಚೀಲದಲ್ಲಿ ಅಮ್ಮ ಕೊಟ್ಟ ಕಾಗದದ ಪೊಟ್ಟಣವಿತ್ತು. ಅಮ್ಮನ ಪಕ್ಕದ ಮನೆಯವರ ಹಿತ್ತಲಿನ ಅರಿಶಿನ, ಮನೆಯಲ್ಲೇ ಒಣಗಿಸಿ ಕುಟ್ಟಿದ್ದು. ಹಿಂದಿನ ದಿನ ಅಮ್ಮ, "ಅಷ್ಟ್ ದೂರ ಓಗೋದು ಕಣವ್ವ, ಬರಿ ಹಣೇಲಿ ಯಾರಾರಾ ಕಳುಸ್ತಾರಾ? ಏನಾರಾ ಎಚ್ಚುಕಮ್ಮಿ ಆದ್ರೆ ನಿನ್ ತಲೆಗೇ ಬತ್ತದೆ," ಎಂದಿದ್ದಳು. ಓದಿದವಳು ನಾನು, ನಗಬೇಕಿತ್ತು. ನಗಲಾಗಲಿಲ್ಲ. ಮೊದಲ ಕೆಲಸ, ಏನಾದರೂ ಕೆಟ್ಟರೆ ಎಂಬ ಅಂಜಿಕೆ ನನಗೂ ಇತ್ತು.

ಎಲ್ಲರೂ ಹೊರಗೆ ಬೂದುಗುಂಬಳ ಒಡೆಯುತ್ತಿದ್ದಾಗ ನಾನು ಒಳಗೆ ಹೋದೆ. ಗ್ಲೌಸಿನ ತುದಿಯಲ್ಲಿ ಚಿಟಿಕೆಯಷ್ಟು ಅರಿಶಿನ ತೆಗೆದು ಒಂದು ತುಂಡಿನ ಒಳಮೈಗೆ ಹಚ್ಚಿದೆ. ಕಣ್ಣು ಮುಚ್ಚಿ ಕೈ ಮುಗಿದೆ. ಕಣ್ಣು ಬಿಟ್ಟಾಗ ಆ ಹಳದಿ ಚುಕ್ಕೆ ನನ್ನನ್ನೇ ನೋಡುತ್ತಿತ್ತು.

ಮಣ್ಣಿನ ಗೆಡ್ಡೆ ಅದು. ಮಣ್ಣಿನಲ್ಲಿ ಸ್ಪೋರ್‌ಗಳಿರುತ್ತವೆ. ಕ್ರಿಮಿ ಚಿಪ್ಪು ಕಟ್ಟಿಕೊಂಡು ಮಲಗುವ ಸ್ಥಿತಿ. ನೀರಿಲ್ಲದೆ, ಊಟವಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದು, ಒದ್ದೆ ಸಿಕ್ಕ ದಿನ ಏಳುತ್ತವೆ. ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು ನಾನು. ಗಾಬರಿಯಲ್ಲಿ ಸ್ಪಿರಿಟ್ ಹಾಕಿ ಒರೆಸಿದೆ. ಸ್ಪಿರಿಟ್ಟಿಗೆ ಸ್ಪೋರ್ ಸಾಯುವುದಿಲ್ಲ ಎಂಬುದೂ ಗೊತ್ತಿತ್ತು. ಅದೇ ಗ್ಲೌಸಿನಲ್ಲಿ ನಾಲ್ಕನ್ನೂ ಎತ್ತಿ ಎತ್ತಿ ಒರೆಸಿದೆ, ತಟ್ಟೆಗೆ ವಾಪಸ್ ಇಟ್ಟೆ. ಆಮೇಲೆ ನೋಡಿದರೆ ಯಾವುದಕ್ಕೆ ಹಚ್ಚಿದ್ದೆ ಎಂಬುದೇ ತಿಳಿಯಲಿಲ್ಲ. ಮೂರನೆಯದೋ... ಎರಡನೆಯದೋ...

ರಜೆ ಮುಗಿದ ಮೇಲೆ ಪರೀಕ್ಷೆ. ಒದ್ದೆ ಹತ್ತಿಕಡ್ಡಿಯಿಂದ ತುಂಡನ್ನು ಉಜ್ಜಿ, ಕಡ್ಡಿ ಅದ್ದಿದ ದ್ರವವನ್ನು ಕ್ರಿಮಿಗೆ ಆಹಾರವಾಗುವ ಅಗರ್ ಎಂಬ ಲೋಳೆ ತುಂಬಿದ ತಟ್ಟೆಗೆ ಹಾಕಿ, ಮೂರು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುವುದು. ಕ್ರಿಮಿ ಇದ್ದರೆ ಬಿಳಿ ಚುಕ್ಕೆಯಾಗಿ ಬೆಳೆಯುತ್ತದೆ. ಅವತ್ತು ನನ್ನ ಕೈ ಏನು ಮಾಡಿತೆಂದು ಬರೆಯಲು ಈಗಲೂ ನಾಚಿಕೆ. ಕಡ್ಡಿಯನ್ನು ಚಪ್ಪಟೆ ಮೈಯ ಮೇಲಷ್ಟೇ ಆಡಿಸಿದೆ. ಪುಡಿ ಸೇರಿಕೊಂಡಿರಬಹುದಾದ ಬೋಲ್ಟಿನ ತೂತಿನ ಹತ್ತಿರ ಹೋಗಲೇ ಇಲ್ಲ.

ಆ ಮೂರು ದಿನ ಗಂಟೆಗೊಮ್ಮೆ ಪೆಟ್ಟಿಗೆಯ ಬಾಗಿಲು ತೆಗೆದು ನೋಡಿದೆ. ಚುಕ್ಕೆ ಬಂದರೆ ನನ್ನ ಕೆಲಸ ಹೋಗುತ್ತದೆ, ಅಮ್ಮನ ಮುಂದೆ ನಿಲ್ಲುವುದು ಹೇಗೆ? ಚುಕ್ಕೆ ಬಾರದಿದ್ದರೆ... ಅದೇ ಹೆಚ್ಚಿನ ಭಯ. ತುಂಡು ಹೋಗುತ್ತದೆ. ವರ್ಷಗಟ್ಟಲೆ ಕತ್ತಲೆಯಲ್ಲಿ ಹೋಗುತ್ತದೆ, ಅದರ ತೂತಿನೊಳಗೆ ನಮ್ಮ ಬೊಮ್ಮನಹಳ್ಳಿಯ ಹಿತ್ತಲಿನದೊಂದು ಮಲಗಿಕೊಂಡು ಹೋಗುತ್ತದೆ. ಯಾರ ಕೈಯೂ ತಾಕದ ನೀರಿಗೆ. ಒಮ್ಮೆ ಅಲ್ಲಿ ಬೆಳೆದರೆ ಒರೆಸಿ ತೆಗೆಯುವವರಿಲ್ಲ.

ಮೂರನೇ ದಿನ ನಾಲ್ಕು ತಟ್ಟೆಯೂ ಖಾಲಿ. ವರದಿಯಲ್ಲಿ ಸೊನ್ನೆ ಬರೆದು ಮೇಡಂ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಒಂದೊಂದು ಸಾಲನ್ನೂ ಬಾಯಿಬಿಟ್ಟು ಓದಿದರು. ಸಹಿಗೆ ಮುಂಚೆ ಅದು ಅವರ ಪದ್ಧತಿ.

"ನಿನ್ ತಟ್ಟೆ ಓದಕ್ಕೆ ನಂಗೆ ಬರಲ್ಲ ಕಣೇ. ಓದಿದವಳು ನೀನು. ನೀನು ಸೊನ್ನೆ ಅಂದ್ರೆ ಸೊನ್ನೆ," ಎಂದು ಪೆನ್ನಿನ ಮುಚ್ಚಳ ತೆಗೆದರು.

"ಮೇಡಂ, ಸೈನ್ ಹಾಕ್ಬೇಡಿ," ಎಂದೆ. ಎಲ್ಲವನ್ನೂ ಹೇಳಿಬಿಟ್ಟೆ. ಅರಿಶಿನ, ಒರೆಸಿದ್ದು, ಬಿಟ್ಟ ತೂತು.

ಅವರು ಬೈಯಲಿಲ್ಲ. ಸ್ಟೂಲು ಎಳೆದು ಕೂತರು. ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು. ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

"ಯಾವ್ದಕ್ಕೆ ಹಚ್ಚಿದ್ದು?"

"ಮೂರನೇದಕ್ಕೆ."

"ಗ್ಯಾರಂಟಿನಾ?"

ಒಂದು ಹೋದರೆ ಹೋಗಲಿ, ಮೂರಾದರೂ ಉಳಿಯಲಿ ಎನಿಸಿತು. "ಗ್ಯಾರಂಟಿ ಮೇಡಂ," ಎಂದೆ.

ಮೇಡಂ ನನ್ನ ಮುಖ ನೋಡಿದರು. "ಹೆದರ್ಕೊಂಡು ಹೇಳೋ ಗ್ಯಾರಂಟಿ ನಂಗ್ ಬೇಡ," ಎಂದು ಡ್ರಾಯರಿನಿಂದ ತಿರಸ್ಕಾರದ ಕೆಂಪು ಚೀಟಿಗಳನ್ನು ತೆಗೆದರು. ಒಂದಲ್ಲ, ನಾಲ್ಕು. ಕಾರಣದ ಜಾಗದಲ್ಲಿ ದುಂಡಗೆ ಬರೆದರು: ಅರಿಶಿನ. ಅದರ ಕೆಳಗೆ ನನ್ನ ಹೆಸರು. ಅದರ ಕೆಳಗೆ, ತಾನೇ ಬಂದು ಹೇಳಿದಳು.

ಮಾಲೀಕರು ಚೀಟಿ ಹಿಡಿದು ಕುಣಿದಾಡಿದರು. "ಏನ್ ಮೇಡಂ ಇದು, ಅರಿಶಿನ ಅಂತ ಬರೆದು ಕಳಿಸ್ಲಾ? ನಗ್ತಾರೆ ಅವ್ರು! ಅಲ್ಲಿಗೆ ಹೋಗೋ ಅಷ್ಟರಲ್ಲಿ ರೇಡಿಯೇಷನ್‌ಗೆ ಎಲ್ಲಾ ಸತ್ತೋಗಿರುತ್ತೆ!"

"ಸಾಯ್ದೇ ಇದ್ರೆ?"

"ಸಾಯುತ್ತೆ ಬಿಡಿ!"

"ಅಲ್ಲಿ ನೀರಿದೆ ಸಾರ್," ಎಂದರು ಮೇಡಂ. ಅಷ್ಟೇ.

ನನ್ನನ್ನು ಅವತ್ತೇ ಮನೆಗೆ ಕಳಿಸುವ ಮಾತೂ ಬಂತು. "ಇವಳನ್ನ ಕಳಿಸಿದ್ರೆ ನಾಳೆಯಿಂದ ಇಲ್ಲಿ ಯಾರೂ ಬಾಯಿ ಬಿಡಲ್ಲ ಸಾರ್, ಯೋಚ್ನೆ ಮಾಡಿ," ಎಂದರು ಮೇಡಂ. ನಾನು ಉಳಿದೆ. ಮತ್ತೆ ಹೊಸದಾಗಿ ಮಾಡಿಕೊಡಲು ಗಡುವು ಉಳಿದಿರಲಿಲ್ಲ, ನೌಕೆಯ ಕೆಲಸ ಬೇರೆ ಯಾರಿಗೋ ಹೋಯಿತು. ಶುಚಿ ಕೋಣೆಯಲ್ಲಿ ಎಣ್ಣೆ ಡಬ್ಬಿಗಳು ಬಂದು ಕೂತವು. ವರ್ಷದ ಕೊನೆಗೆ ಮಾಲೀಕರು ಮೇಡಂ ಅವರ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಹೊರಡುವ ದಿನ ಅವರು ನನಗೆ ಹೇಳಿದ್ದು, "ಊಟ ಸರಿಯಾಗ್ ಮಾಡೇ, ಕಡ್ಡಿ ಆಗಿದೀಯ," ಎಂದು. ನನಗೆ ಅಳು ಬಂತು. ನಾನು ಸುಳ್ಳು ಗ್ಯಾರಂಟಿ ಕೊಟ್ಟಿದ್ದೆ ಎಂದು ಆಗಲಾದರೂ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಆಮೇಲೆ ಎಷ್ಟೋ ಸಲ ಅವರ ರಸ್ತೆಯ ತುದಿಯವರೆಗೆ ಹೋಗಿ ಹಿಂತಿರುಗಿದ್ದೇನೆ...

ಕಳೆದ ಸಂಕ್ರಾಂತಿಯ ಹಿಂದಿನ ದಿನ ಜಾಲಹಳ್ಳಿಯಲ್ಲಿ ಬಸ್ಸಿಳಿದು ಅವರ ಮನೆಗೆ ಹೋದೆ. ಅವರ ಸೊಸೆ ಬಾಗಿಲು ತೆಗೆದರು. ಯಾರೆಂದು ಹೇಳಿಕೊಂಡೆ.

"ಅಯ್ಯೋ, ಅತ್ತೆ ಹೋಗಿ ಎರಡು ವರ್ಷ ಆಯ್ತಲ್ಲ. ನಿಮಗೆ ಯಾರೂ ಹೇಳ್ಲಿಲ್ವಾ? ಬನ್ನಿ ಒಳಗೆ, ಕಾಫಿ ಕುಡೀರಿ."

ಕಾಫಿ ಲೋಟ ಹಿಡಿದುಕೊಂಡು ಕೂತೆ. ಬೇರೆ ಏನೂ ತೋಚದೆ, "ಅವತ್ತು ನಂಗೆ ಗ್ಯಾರಂಟಿ ಇರ್ಲಿಲ್ಲ, ಅದನ್ನ ಹೇಳೋದಿತ್ತು ಅವರಿಗೆ," ಎಂದೆ.

"ಯಾವ್ದು?" ಎಂದರು ಅವರು.

ಏನಿಲ್ಲ ಎಂದು ಕಾಫಿ ಕುಡಿದು ಮುಗಿಸಿದೆ.

ನೌಕೆ ಹೊರಟಿದೆ. ಪತ್ರಿಕೆಯಲ್ಲಿ ಓದಿದೆ. ತಲುಪಲು ಇನ್ನೂ ವರ್ಷಗಳು ಬೇಕಂತೆ. ಅದರಲ್ಲಿ ನಮ್ಮ ಕೈಯದು ಒಂದು ತುಂಡೂ ಇಲ್ಲ, ಅದೊಂದು ನೆಮ್ಮದಿ. ಆದರೆ ಅದರಲ್ಲಿ ಸಾವಿರಾರು ತುಂಡುಗಳಿವೆ. ಒಂದೊಂದನ್ನೂ ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಒರೆಸಿದ್ದಾರೆ, ಯಾರೋ ಸೊನ್ನೆ ಬರೆದಿದ್ದಾರೆ. ಅವರಲ್ಲಿ ನನ್ನಂಥವಳು ಒಬ್ಬಳಾದರೂ ಇದ್ದಿರಬೇಕು, ಹೆದರಿಕೊಂಡು ಗ್ಯಾರಂಟಿ ಎಂದಿರಬೇಕು. ಅವಳ ಎದುರಿಗೆ ಸ್ಟೂಲಿನ ಮೇಲೆ ಮೇಡಂ ಅಂಥವರು ಕೂತಿದ್ದರೋ ಇಲ್ಲವೋ... ಅದನ್ನು ಯಾರನ್ನು ಕೇಳಲಿ?