ದಿವಾಳಿಗೆ ಮೊದಲು ತೀರಿಸಿದ ಸಾಲ

ಒಂದು ಕಾಲಕ್ಕೆ ಮುಂಡಗೋಡದ ಸುತ್ತಮುತ್ತ ಈಶಪ್ಪನ ಪೆಂಡಾಲಿಲ್ಲದೆ ಮದುವೆ ಆಗುತ್ತಿರಲಿಲ್ಲ. ಅತ್ತಿವೇರಿಯ ಬೀಗರಿಗೂ ಅವನದೇ ಕುರ್ಚಿ, ಟಿಬೆಟನ್ ಕಾಲೊನಿಯ ಹಬ್ಬಕ್ಕೂ ಅವನದೇ ಹಂಡೆ. ತಲೆಯ ಮೇಲೆ ಗಳ ಹೊತ್ತು ಶುರು ಮಾಡಿದ ಧಂದೆ, ಅಷ್ಟಕ್ಕೇ ಸುಮ್ಮನಿರಬಾರದಿತ್ತೆ? ನಡುವೆ ಕಂಬವಿಲ್ಲದ ದೊಡ್ಡ ಜರ್ಮನ್ ಪೆಂಡಾಲೇ ಬೇಕೆಂದು ಹಟಕ್ಕೆ ಬಿದ್ದು ಬ್ಯಾಂಕಿನಲ್ಲೂ ಖಾಸಗಿ ಫೈನಾನ್ಸಿನಲ್ಲೂ ಸಾಲ ಎತ್ತಿದ. ಪೆಂಡಾಲು ಬಂತು, ಅದರ ಹಿಂದೆಯೇ ಊರಿಗೆ ಕಲ್ಯಾಣಮಂಟಪಗಳೂ ಬಂದವು. ಕುರ್ಚಿ, ಪಾತ್ರೆ, ದೀಪ ಎಲ್ಲ ಅಲ್ಲಿಯೇ ಸಿಗತೊಡಗಿದವು. ಈಶಪ್ಪನ ಫೋನು ಕಂತು ಕೇಳುವವರಿಗಷ್ಟೇ ಮೀಸಲಾಯಿತು.

ಕಡೆಗೆ ಅವನು ಹಳಿಯಾಳದ ವಕೀಲ ಕಿರಣಕುಮಾರರ ಮುಂದೆ ಹೋಗಿ ಕೂತ.

"ದಿವಾಳಿ ಅರ್ಜಿ ಹಾಕೂಣು," ಎಂದರು ವಕೀಲರು. "ಕೋರ್ಟು ಒಪ್ಪಿದ್ರ ಮನಿ ಮುಂದ ಬಂದು ಕಾಡೂದು ನಿಲ್ಲತೈತಿ. ಆದ್ರ ಇದ್ದದ್ದೆಲ್ಲಾ ಬರದು ಕೊಡಬೇಕು. ಹೆಂಡ್ತಿ ಹೆಸರಿಗೆ ಮಾಡೂದು, ಬೀಗರ ಮನ್ಯಾಗ ಮುಚ್ಚಿಡೂದು ನಡಿಯಂಗಿಲ್ಲ. ಆಮ್ಯಾಲೆ ಯಾರ ಕಡೆನರ ಸಾಲ ತಗೊಂಡ್ರ, ನಾ ದಿವಾಳಿ ಆದಂವ ಅಂತ ಮೊದಲ ಹೇಳಬೇಕು."

ಈಶಪ್ಪ ತಲೆಯಾಡಿಸಿದ.

"ಈಗಿತ್ಲಾಗ ಯಾರದರ ಸಾಲ ತೀರಿಸೀರೇನು?"

ಅಷ್ಟು ಹೊತ್ತಿನಲ್ಲಿ ತಲೆಯೆತ್ತಿ ಹೇಳುವಂಥದ್ದು ಅದೊಂದೇ ಇತ್ತು. "ಹೋದ ವಾರ ಜನರೇಟರ್ ಮಾರಿ ಕಾಳಿಬಾಯಿದು ಕೊಟ್ಟೇನ್ರಿ," ಎಂದ ಈಶಪ್ಪ, ತುಸು ಹೆಮ್ಮೆಯಿಂದಲೇ.

ತಾಂಡಾದ ಕಾಳಿಬಾಯಿ ಅವನ ಪಾತ್ರೆ ತೊಳೆಯುವವಳು. ಪ್ರತಿ ಮದುವೆಯ ಮರುದಿನ ಅರ್ಧ ಕೂಲಿಯನ್ನು ಸೆರಗಿಗೆ ಕಟ್ಟಿಕೊಂಡು, ಉಳಿದರ್ಧವನ್ನು "ನಿಮ್ಮ ಕಡೆ ಇರಲಿ" ಎಂದು ಬಿಟ್ಟು ಹೋಗುತ್ತಿದ್ದಳು. ಮನೆಗೆ ಒಯ್ದರೆ ಗಂಡ ಕುಡಿದು ಮುಗಿಸುತ್ತಿದ್ದ. ಚೀಟಿಯಿಲ್ಲ, ಸಹಿಯಿಲ್ಲ, ವರ್ಷಗಟ್ಟಲೆ ಹಾಗೇ ನಡೆದಿತ್ತು. ಬ್ಯಾಂಕಿನವರ ಕೈಯಲ್ಲಿ ಕಾಗದವಿದೆ, ಇವಳ ಕೈಯಲ್ಲಿ ಏನಿದೆ ಎಂದು ಈಶಪ್ಪ ಮೊದಲು ಇವಳದ್ದನ್ನೇ ತೀರಿಸಿದ್ದ. ಆ ಹಣದಲ್ಲಿ ಅವಳು ಮಳೆ ಹಿಡಿಯುವ ಮೊದಲೇ ಮನೆಗೆ ತಗಡು ಹೊದಿಸಿದ್ದಳು.

ವಕೀಲರು ಹಣೆ ಒತ್ತಿಕೊಂಡರು. "ಅಲ್ಲೇ ತಪ್ಪಿದ್ರಿ ನೋಡ್ರಿ. ಎಲ್ಲಾರಿಗೂ ಹಂಚಬೇಕಾದ್ದನ್ನ ಒಬ್ಬಾಕಿಗೆ ಕೊಟ್ಟಂಗಾತು. ಈಗ ಅರ್ಜಿ ಹಾಕಿದ್ರ ಕೋರ್ಟು ಅದನ್ನ ಆಕಿ ಕಡಿಂದ ವಾಪಸ್ ತರಸಬಹುದು."

"ತಗಡು ಬಿಚ್ಚಸ್ತಾರೇನ್ರಿ?"

"ತಗಡಲ್ಲದಿದ್ರ ರೊಕ್ಕ ಕೊಡಬೇಕಾಕೈತಿ. ಕೊಟ್ಟು ಮೂರು ತಿಂಗಳು ದಾಟಿದ್ರ ಆ ಭಯ ಇಲ್ಲ. ಅಲ್ಲಿತನಕ ಫೈನಾನ್ಸಿನವರು ನಿಮ್ಮನ್ನ ಬಿಡ್ತಾರೇನು?"

ಈಶಪ್ಪ ಕಾಯುತ್ತೇನೆಂದು ಹೇಳಿ ಎದ್ದು ಬಂದ. ಫೈನಾನ್ಸಿನವರು ಬಿಡಲಿಲ್ಲ. ಸಂತೆಯ ದಿನ ಅವನ ಕಾಲರ್ ಹಿಡಿದು "ಊರಿಗೆಲ್ಲ ಟೋಪಿ ಹಾಕಿದ ಮಗನ" ಎಂದು ಕೂಗಿದರು. ಅವನ ಕುರ್ಚಿಯಲ್ಲಿ ಕೂತು ಹೋಳಿಗೆ ತಿಂದವರೇ ಸುತ್ತ ನಿಂತು ನೋಡಿದರು. ಹೆಂಡತಿ ಸುನಂದಾ ಹಗಲಲ್ಲೂ ಬಾಗಿಲು ತೆಗೆಯುವುದನ್ನು ಬಿಟ್ಟಳು.

"ಆಕಿ ಮನಿಗೆ ನಮ್ಮ ಮಾನ ಹೊದಿಸೀರಿ," ಎಂದು ಒಂದು ದಿನ ಅತ್ತಳು. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ.

ಆ ಮಳೆಗಾಲದಲ್ಲೇ ಒಂದು ದಿನ ಕಾಳಿಬಾಯಿ ಬಂದು ಕಟ್ಟೆಯ ಮೇಲೆ ಕೂತಳು. "ಸಾವಕಾರ್ರ, ಕೋರ್ಟಿಗೆ ಹೋದ್ರ ಬಿಡ್ತಾರಂತಲ್ರಿ. ಯಾಕ ತಡ ಮಾಡ್ತೀರಿ? ಮಂದಿ ಬಾಯಾಗ ಕೇಳಾಕ ಆಗವಲ್ದು."

ಈಶಪ್ಪನಿಗೆ ಎಲ್ಲ ಹೇಳಿಬಿಡಬೇಕೆನಿಸಿತು. ನುಂಗಿಕೊಂಡ. "ಹೋಗೂಣು ತಗೋ, ಮಳಿ ನಿಲ್ಲಲಿ. ಮನಿ ಸೋರತೈತೇನು?"

"ಇಲ್ರಿ. ಈ ವರ್ಷ ಹುಡುಗ್ರು ಒಣ ಹಾಸಿಗ್ಯಾಗ ಮಲಗ್ಯಾವು."

ಮೂರು ತಿಂಗಳು ದಾಟಿ, ಮಳೆ ನಿಂತ ಮೇಲೆ ಅರ್ಜಿ ಬಿತ್ತು. ಮುಂದೆ ಆದೇಶವೂ ಬಂತು, ಈಶಪ್ಪ ದಿವಾಳಿ ಎಂದು ಪೇಪರಿನಲ್ಲಿ ಅಚ್ಚಾಯಿತು. ಸಾಮಾನು ಒಯ್ಯಲು ಕೋರ್ಟಿನವರು ಬರುವ ಹಿಂದಿನ ದಿನ ಕಾಳಿಬಾಯಿ ಯಾರೂ ಕರೆಯದೇ ಬಂದಳು. ಹುಣಸೆಹಣ್ಣು, ಬೂದಿ ಹಿಡಿದು ಒಂದೊಂದೇ ಹಂಡೆಯನ್ನು ಹಿತ್ತಲಿಗೆ ಉರುಳಿಸಿಕೊಂಡು ಹೋದಳು.

"ಬ್ಯಾರೆಯವರ ಪಾಲಾಗೂವು, ಯಾಕ ತಿಕ್ತೀ?" ಎಂದ ಈಶಪ್ಪ.

"ಮಸಿ ಹಿಡದಿದ್ದು ಕಳಸಿದ್ರ ನನ್ನ ಹೆಸರು ಕೆಡತೈತ್ರಿ."

ಸಂಜೆ ಅವಳು ಹೊರಟಾಗ ಅವನು ಕಿಸೆ ತಡಕಾಡಿ, ಇದ್ದಷ್ಟು ನೋಟು ಮುಂದೆ ಹಿಡಿದ. ಕಾಳಿಬಾಯಿ ಅವನ ಕೈಯನ್ನು ಮೆಲ್ಲಗೆ ಹಿಂದಕ್ಕೆ ದೂಡಿದಳು.

"ನಿಮ್ಮ ಕಡೆನ ಇರಲಿ."

"ಕಾಳಿಬಾಯಿ, ನಾ ಈಗ ದಿವಾಳಿ ಆದಂವ," ಎಂದ ಈಶಪ್ಪ. "ಮೊದಲ ಹೇಳಬೇಕಂತ ಕಾನೂನು ಐತಿ."

"ಗೊತ್ತೈತ್ರಿ," ಎಂದು ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತಾಂಡಾದ ದಾರಿ ಹಿಡಿದಳು. ಕೋರ್ಟಿನಲ್ಲಿ, ಸಂತೆಯವರ ಮುಂದೆ ಅಳದ ಈಶಪ್ಪ ಆ ಹಂಡೆಗಳ ನಡುವೆ ಕೂತು ಅತ್ತ.